ದನಿ ಮತ್ತು ದಿನ: ಗೋದಾವರಿಯ ದಂಡೆಯ ಗದ್ಯದಲ್ಲಿ ಹೆಣ್ಣುಬಾಳು

ಕನ್ನಡನಾಡಿನ ಉತ್ತರದ ಎಲ್ಲೆ ಗೋದಾವರಿ ಎಂದು ಕವಿರಾಜಮಾರ್ಗವು ಹೇಳಿದಂದಿನಿಂದ ಆ ನದಿಯು ಕನ್ನಡ ಸಂಶೋಧಕರ ಮನಸ್ಸಿನಲ್ಲಿ ಒಂದು ಗಡಿಯಾಗಿಯೇ ಉಳಿದುಬಂದಿದೆ. ಹೊರನಾಡಿನಲ್ಲಿದ್ದು ಕನ್ನಡದ ಕೆಲಸದಲ್ಲಿ ತೊಡಗಿರುವ ನಮ್ಮಂಥವರು ಮಹಾರಾಷ್ಟ್ರದ ಆ ಭಾಗಕ್ಕೆ ಹೋದಾಗ ಮೊದಲು ಮಾತನಾಡಿಸುವುದು ಕಲ್ಲನ್ನು. ಎಲ್ಲೋರದ ಕೈಲಾಸದ ಮುಂದೆ ನಿಂತು ರಾಷ್ಟ್ರಕೂಟರ ಒಂದನೆಯ ಕೃಷ್ಣನನ್ನು ನೆನೆಯುತ್ತೇವೆ. ದೇವಗಿರಿಯ ಕೋಟೆಯನ್ನು ಕಂಡೊಡನೆ ಸೇವುಣ ಅರಸರ ಕನ್ನಡ ಶಾಸನಗಳನ್ನು ನೆನಪಿಗೆ ತಂದುಕೊಳ್ಳುತ್ತೇವೆ. ಅದೇ ಜಿಲ್ಲೆಯಲ್ಲಿ ‘ಕನ್ನಡ’ ಎಂಬ ಹೆಸರಿನ ತಾಲ್ಲೂಕೊಂದು ಇದೆಯೆಂದು ತಿಳಿದಾಗ ಹಿಗ್ಗುತ್ತೇವೆ. ಶಂ. ಬಾ. ಜೋಶಿಯವರ ‘ಕಣ್ಮರೆಯಾದ ಕನ್ನಡ’ವು ತೆರೆದು ತೋರಿಸಿದ ದಾರಿಯಿದು. ಈ ಹುಡುಕಾಟ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ದೇವಗಿರಿಯ ಅರಸರ ಶಾಸನಗಳನ್ನು ಅಕ್ಷರ ಬಿಡದೆ ಓದುವ ನಾವು, ಅದೇ ಅರಸರ ಆಳ್ವಿಕೆಯಲ್ಲಿ, ಅದೇ ನದಿಯ ದಂಡೆಯ ಬದುಕನ್ನು ಕುರಿತು ಹುಟ್ಟಿದ ಗದ್ಯವನ್ನು ಅಷ್ಟೇ ಶ್ರದ್ಧೆಯಿಂದ ಓದಿದವರಲ್ಲ. ಶಾಸನದಲ್ಲಿ ಬರುವ ಹೆಣ್ಣು ಬಹುಮಟ್ಟಿಗೆ ದತ್ತಿ ಬಿಟ್ಟ ರಾಣಿ, ಇಲ್ಲವೆ ಗಂಡನೊಡನೆ ಚಿತೆಯೇರಿದ ಮಾಸತಿ. ಅಡುಗೆ ಮಾಡಿದವಳು, ಪ್ರಶ್ನೆ ಕೇಳಿದವಳು, ಮುಟ್ಟಾಗಿ ದೂರ ಕುಳಿತವಳು ಇರುವುದು ಆ ಗದ್ಯದಲ್ಲಿ.

ಭಾರತೀಯ ಮಹಿಳೆಯ ಬದಲಾಗುತ್ತಿರುವ ಬದುಕು ಎಂಬುದು ವಿಚಾರಸಂಕಿರಣಗಳಲ್ಲಿ ಸವಕಲಾದ ಮಾತು. ಬದಲಾವಣೆಯನ್ನು ಹೇಳಬೇಕಾದರೆ ಮೊದಲು ಏನಿತ್ತೆಂಬುದು ತಿಳಿದಿರಬೇಕು. ಅದನ್ನು ತಿಳಿಸುವ ಬರಹ ಯಾರ ಕೈಯಿಂದ, ಯಾರ ಸಲುವಾಗಿ ಬಂದಿತೆಂಬುದೂ ತಿಳಿದಿರಬೇಕು. ಪ್ರಸ್ತುತ ಲೇಖನದಲ್ಲಿ ನಾವು ‘ದಿನ’ ಮತ್ತು ‘ದನಿ’ ಎಂಬ ಎರಡು ಮಾತುಗಳನ್ನು ಬಳಸುತ್ತೇವೆ. ಬೆಳಗಿನಿಂದ ರಾತ್ರಿಯವರೆಗೆ ಹೆಣ್ಣು ಮಾಡುವ ಕೆಲಸ, ಆಕೆ ಕೂರುವ ಜಾಗ, ಉಣ್ಣುವ ಹೊತ್ತು, ಹೋಗಿಬರುವ ದಾರಿ, ಇವು ಬರಹದಲ್ಲಿ ಕಾಣುವುದು ಆಕೆಯ ದಿನ. ತನ್ನ ಮಾತನ್ನು ತನ್ನದೆಂದು ಆಕೆಯೇ ಹೇಳುವುದು ದನಿ. ಇವೆರಡೂ ಒಟ್ಟಿಗೆ ಸಿಗುವ ಕೃತಿ ವಿರಳ. ಗೋದಾವರಿಯ ದಂಡೆಯ ಎರಡು ಗದ್ಯಕೃತಿಗಳನ್ನು ಈ ದೃಷ್ಟಿಯಿಂದ ಇಲ್ಲಿ ನೋಡಲಾಗಿದೆ. ಒಂದು, ಪೈಠಣದ ಸುತ್ತಿನ ಬದುಕಿಗೆ ಬಹುವಾಗಿ ಋಣಿಯಾದ 13ನೆಯ ಶತಮಾನದ ‘ಲೀಳಾಚರಿತ್ರ’. ಇನ್ನೊಂದು, ನಾಸಿಕದ ಶಾಂತಾಬಾಯಿ ದಾಣಿಯವರ ‘ರಾತ್ರಂದಿನ ಆಮ್ಹಾ’ (1990). ಪೈಠಣವಿರುವ ಔರಂಗಾಬಾದ್ ಜಿಲ್ಲೆಗೆ 2023ರಿಂದ ಛತ್ರಪತಿ ಸಂಭಾಜಿನಗರವೆಂದು ಹೆಸರು. ಎರಡೂ ಊರುಗಳು ಒಂದೇ ನದಿಯ ಮೇಲಿವೆ. ನಾಸಿಕ ಮೇಲಕ್ಕೆ, ಪೈಠಣ ಕೆಳಕ್ಕೆ.

ಲೀಳಾಚರಿತ್ರವು ಮಹಾನುಭಾವ ಪಂಥದ ಪ್ರವರ್ತಕ ಚಕ್ರಧರ ಸ್ವಾಮಿಯ ನಡೆನುಡಿಗಳ ಸಂಗ್ರಹ. ಆತನ ನಿರ್ಗಮನದ ಬಳಿಕ, 1278ರ ಸುಮಾರಿನಿಂದ, ಮ್ಹಾಇಂಭಟನು ಆತನನ್ನು ಕಂಡಿದ್ದವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ ಇದನ್ನು ಸಿದ್ಧಗೊಳಿಸಿದನೆಂಬುದು ಪರಂಪರೆಯ ಹೇಳಿಕೆ. ಮರಾಠಿಯ ಆದ್ಯ ಗದ್ಯಕೃತಿಯೆಂಬ ಮಾನ್ಯತೆ ಇದಕ್ಕಿದೆ. ಏಕಾಂಕ, ಪೂರ್ವಾರ್ಧ, ಉತ್ತರಾರ್ಧ ಎಂಬ ಮೂರು ಭಾಗಗಳಲ್ಲಿ ಚಿಕ್ಕಚಿಕ್ಕ ಪ್ರಸಂಗಗಳು ಬರುತ್ತವೆ. ಶತಮಾನಗಳ ಕಾಲ ಪಂಥದ ಗುಪ್ತಲಿಪಿಯಲ್ಲಿದ್ದ ಈ ಸಾಹಿತ್ಯವು 20ನೆಯ ಶತಮಾನದಲ್ಲಷ್ಟೇ ಹೊರಗಿನ ವಿದ್ವಾಂಸರಿಗೆ ತೆರೆದುಕೊಂಡಿತು. ಹ. ನಾ. ನೇನೆ ಮತ್ತು ಶಂ. ಗೋ. ತುಳಪುಳೆಯವರ ಆವೃತ್ತಿಗಳ ಬಳಿಕ ವಿ. ಭಿ. ಕೋಲತೆಯವರ ಸಂಪಾದನೆ 1978ರಲ್ಲಿ ಬಂದಿತು. ಮರಾಠಿ ಬಾರದ ಸಂಶೋಧಕರಿಗೆ ಈಗ ಆನ್ ಫೆಲ್ಡ್‌ಹೌಸ್ ಅವರ ಇಂಗ್ಲಿಷ್ ಅನುವಾದದ ನೆರವೂ ಇದೆ.

ಈ ಕೃತಿಯಲ್ಲಿ ನಮ್ಮ ಗಮನ ಸೆಳೆಯುವುದು ಅದರ ತತ್ತ್ವವಲ್ಲ, ಅದರ ಚಿಲ್ಲರೆ ಸಂಗತಿಗಳು. ಯಾವ ಊರು, ಯಾವ ಗುಡಿ, ಯಾರು ಬಂದರು, ಯಾರು ಏನು ತಂದರು, ಏನು ಬೇಯಿಸಿದರು, ಯಾರಿಗೆ ಬಡಿಸಿದರು: ಸಂಕಲನಕಾರನಿಗೆ ಗುರುವಿನ ಸನ್ನಿಧಿಯಲ್ಲಿ ನಡೆದ ಯಾವುದೂ ಕ್ಷುಲ್ಲಕವಲ್ಲ. ಹೀಗಾಗಿ, ಬೇರೆ ಯಾವ ಶಿಷ್ಟಕೃತಿಯೂ ಒಳಗೆ ಬಿಟ್ಟುಕೊಳ್ಳದಿದ್ದ ಸಂಗತಿಗಳು ಇಲ್ಲಿ ಭಕ್ತಿಯ ನೆಪದಲ್ಲಿ ಒಳಬಂದಿವೆ. ಅವುಗಳಲ್ಲಿ ಬಹುಪಾಲು ಹೆಂಗಸರ ಕೆಲಸ. ಪೈಠಣದಲ್ಲಿ ಚಕ್ರಧರನಿಗೆ ಭೇಟಿಯಾದ ಬಾಇಸಾ ಎಂಬ ವೃದ್ಧೆ ಆತನ ಬಿಡಾರದ ಯಜಮಾನಿತಿಯಾದಳು. ಅಡುಗೆ ಆಕೆಯದು, ಅತಿಥಿಗಳ ಉಸ್ತುವಾರಿ ಆಕೆಯದು, ಯಾರು ಯಾವಾಗ ಗುರುವನ್ನು ಕಾಣಬಹುದೆಂಬ ನಿರ್ಧಾರದಲ್ಲಿಯೂ ಆಕೆಯ ಮಾತು ನಡೆಯುತ್ತಿತ್ತು. ಆಬಾಇಸಾ, ಉಮಾಇಸಾ, ಸಾಧೆ, ಮಹದಾಇಸಾ ಮೊದಲಾದವರು ಪ್ರಸಂಗದಿಂದ ಪ್ರಸಂಗಕ್ಕೆ ಬರುತ್ತಾರೆ, ಹೋಗುತ್ತಾರೆ, ತಮ್ಮತಮ್ಮಲ್ಲಿ ಮುನಿಸಿಕೊಳ್ಳುತ್ತಾರೆ. ನಮ್ಮ ಅವ್ವ, ಅಕ್ಕಗಳಂತೆ ‘ಇಸಾ’ ಎಂಬುದು ಅಲ್ಲಿಯ ಗೌರವದ ಬಾಲ. ಹೆಸರಿಗೆ ಗೌರವ ಸೇರಿಸಿ ಹೇಳುವ ಬಾಯಿಯೇ ಅವರ ಮುನಿಸನ್ನೂ ಹೇಳುತ್ತದೆ. ಈ ಸಮತೂಕ ನಮ್ಮ ಚರಿತ್ರೆ-ಪುರಾಣಗಳಲ್ಲಿ ದುರ್ಲಭ.

ಮುಟ್ಟಿನ ಪ್ರಸಂಗವನ್ನು ವಿಮರ್ಶಕರು ಮತ್ತೆ ಮತ್ತೆ ಎತ್ತಿ ಹೇಳಿರುವುದರಿಂದ ನಾವು ಅದನ್ನು ವಿಸ್ತರಿಸುವುದಿಲ್ಲ. ದೇಹದ ದ್ವಾರಗಳಿಂದ ಹೊರಬರುವ ಇತರ ಮಲಗಳಂತೆಯೇ ಇದೂ ಒಂದು, ಇದಕ್ಕೆ ಪ್ರತ್ಯೇಕವಾದ ಮೈಲಿಗೆಯಿಲ್ಲವೆಂದು ಚಕ್ರಧರನು ಶಿಷ್ಯೆಯರಿಗೆ ತಿಳಿಹೇಳುತ್ತಾನೆ. ಗಂಡಸರದು ಜೀವ, ಹೆಂಗಸರದು ಅದಕ್ಕಿಂತ ಕಿರಿದಾದ ಇನ್ನಾವುದೋ ಪುಟ್ಟ ಜೀವವೇ ಎಂಬರ್ಥದ ಆತನ ಪ್ರಶ್ನೆಯೂ ಪ್ರಸಿದ್ಧವಾಗಿದೆ. ಇಂಥ ಮಾತುಗಳನ್ನು ಆಯ್ದು ಜೋಡಿಸಿ ಲೀಳಾಚರಿತ್ರವನ್ನು ಸ್ತ್ರೀವಿಮೋಚನೆಯ ಆದಿಗ್ರಂಥವೆಂದು ಕರೆಯುವ ಬರಹಗಳು ಬಂದಿವೆ. ನಮಗೆ ಇದು ಆತುರದ ತೀರ್ಮಾನವೆಂದು ತೋರುತ್ತದೆ. ಮೈಲಿಗೆಯಿಲ್ಲವೆಂಬ ಬೋಧೆಯನ್ನು ಕೇಳಿದ ಮೇಲೂ ಒಲೆಯ ಮುಂದೆ ಕೂತವಳು ಬಾಇಸಾ ತಾನೆ? ಬೋಧೆಯಿಂದ ಕೆಲಸದ ಹಂಚಿಕೆ ಬದಲಾಗಲಿಲ್ಲ. ಮನೆಯ ಒಲೆಯಿಂದ ಬಿಡುಗಡೆ ಪಡೆದ ಹೆಂಗಸರು ಗುರುವಿನ ಒಲೆಗೆ ಬಂದರು. ಅದು ಏನೂ ಅಲ್ಲವೆಂದು ನಮ್ಮ ಮಾತಿನ ಅರ್ಥವಲ್ಲ. ವಿಧವೆಯೊಬ್ಬಳಿಗೆ ತಾನೇ ಆಯ್ದುಕೊಂಡ ಒಲೆಗೂ ತವರಿನವರು ಹಂಗಿನಲ್ಲಿ ಕೊಟ್ಟ ಒಲೆಗೂ ಇದ್ದ ಅಂತರ ಬಹಳ ದೊಡ್ಡದಾಗಿದ್ದಿರಬೇಕು. ಆದರೆ ಆ ಅಂತರವನ್ನು ತೋರಿಸಬೇಕಾದರೆ ಬೋಧವಾಕ್ಯಗಳನ್ನಲ್ಲ, ಅವುಗಳ ನಡುವೆ ಬಿದ್ದಿರುವ ದಿನಚರಿಯನ್ನು ಓದಬೇಕು.

ಬೋಧೆಯೊಂದೇ ಸಾಲದೆಂಬುದಕ್ಕೆ ನದಿಯ ಮೂಲದಲ್ಲಿಯೇ ಸಾಕ್ಷಿಯಿದೆ. ನಾಸಿಕ ಜಿಲ್ಲೆಯ ತ್ರ್ಯಂಬಕೇಶ್ವರದ ಗರ್ಭಗುಡಿಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಗುಡಿಯನ್ನು ಪ್ರವೇಶಿಸುವುದು ಹೆಂಗಸರ ಹಕ್ಕು, ಅದನ್ನು ಕಾಪಾಡುವುದು ಸರ್ಕಾರದ ಹೊಣೆಯೆಂದು ಮುಂಬಯಿ ಉಚ್ಚ ನ್ಯಾಯಾಲಯವು 2016ರ ಏಪ್ರಿಲ್ ಮೊದಲ ದಿನ ಹೇಳಿತು. ಆ ತಿಂಗಳ ಒಳಗೇ, ಒದ್ದೆಬಟ್ಟೆಯ ನಿಯಮವನ್ನೂ ಹೊತ್ತಿನ ಕಟ್ಟುಪಾಡನ್ನೂ ಒಪ್ಪಿಕೊಂಡು ಕೆಲವು ಹೆಂಗಸರು ಒಳಹೋದರು. ಮೈಲಿಗೆಯಿಲ್ಲವೆಂಬ ಮಾತು ಈ ನದಿಯ ದಂಡೆಯಲ್ಲಿ ಕೇಳಿಬಂದು ಆಗಲೇ 7 ಶತಮಾನಗಳಿಗೆ ಮೇಲಾಗಿತ್ತು.

ಮಹದಾಇಸಾಳ ವಿಷಯ ಬೇರೆ. ಆಕೆಯನ್ನು ಮರಾಠಿಯ ಆದ್ಯ ಕವಯಿತ್ರಿಯೆಂದು ಸಾಹಿತ್ಯಚರಿತ್ರೆಗಳು ಗುರುತಿಸುತ್ತವೆ. ರಿದ್ಧಪುರದಲ್ಲಿ ಗೋವಿಂದಪ್ರಭುವಿನ ಮದುವೆಯ ವಿನೋದದ ಸಂದರ್ಭದಲ್ಲಿ ಆಕೆ ಆಶುವಾಗಿ ಕಟ್ಟಿದ ‘ಧವಳೆ’ಗಳು ಕೃಷ್ಣ-ರುಕ್ಮಿಣಿಯರ ಕಲ್ಯಾಣದ ಹಾಡುಗಳು, ನಮ್ಮ ಸೋಬಾನೆ ಪದಗಳ ಬಳಗಕ್ಕೆ ಸೇರುವಂಥವು. ಆದರೆ ಲೀಳಾಚರಿತ್ರದಲ್ಲಿ ಆಕೆ ಕಾಣಿಸಿಕೊಳ್ಳುವುದು ಕವಿಯಾಗಿ ಅಲ್ಲ, ಪ್ರಶ್ನೆ ಕೇಳುವವಳಾಗಿ. ಈ ಮುದುಕಿ ಜಿಜ್ಞಾಸು, ಯಾವಾಗಲೂ ಏನನ್ನಾದರೂ ಕೇಳುತ್ತಲೇ ಇರುತ್ತಾಳೆ ಎಂಬ ಅರ್ಥದಲ್ಲಿ ಗುರುವೇ ಆಕೆಯನ್ನು ಮೆಚ್ಚುತ್ತಾನೆ. ಆಕೆ ಕೇಳಿದ್ದರಿಂದಲೇ ಗ್ರಂಥದಲ್ಲಿ ಎಷ್ಟೋ ಉತ್ತರಗಳಿವೆ. ಉತ್ತರಗಳನ್ನು ಸೂತ್ರಗಳಾಗಿ ಬೇರ್ಪಡಿಸಿದ ‘ಸೂತ್ರಪಾಠ’ವನ್ನು ಮಾತ್ರ ಓದಿದವರಿಗೆ ಈ ಸಂಗತಿ ತಿಳಿಯುವ ಬಗೆಯಿಲ್ಲ. ಸೂತ್ರವಾಗುವಾಗ ಪ್ರಶ್ನೆ ಉದುರಿಹೋಗುತ್ತದೆ, ಅದರೊಡನೆ ಪ್ರಶ್ನೆ ಕೇಳಿದವಳೂ. ಶಾಸ್ತ್ರವು ಹೆಣ್ಣನ್ನು ಹೇಗೆ ಕಳೆದುಕೊಳ್ಳುತ್ತದೆಂಬುದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆಯನ್ನು ನಾವು ಬೇರೆಡೆ ಕಂಡಿಲ್ಲ.

ಚಕ್ರಧರನ ಬಳಿಕ ಪಂಥವನ್ನು ನಡೆಸಿದ ನಾಗದೇವಾಚಾರ್ಯನ ಒಂದು ನಿಲುವು ಇಲ್ಲಿ ಉಲ್ಲೇಖನೀಯ. ‘ಸ್ಮೃತಿಸ್ಥಳ’ವು ತಿಳಿಸುವಂತೆ, ಪಂಡಿತನಾದ ಕೇಶಿರಾಜನು ಸಂಸ್ಕೃತದಲ್ಲಿ ಗ್ರಂಥರಚನೆಗೆ ತೊಡಗಿದಾಗ ನಾಗದೇವನು ಆತನನ್ನು ತಡೆದನು, ಹಾಗೆ ಬರೆದರೆ ನಮ್ಮ ಮುದುಕಿಯರು ವಂಚಿತರಾಗುತ್ತಾರೆ ಎಂಬುದು ಆತ ಕೊಟ್ಟ ಕಾರಣ. ದೇಶಭಾಷೆಗಳ ಉದಯವನ್ನು ಕುರಿತು ನಾವು ರಾಜಾಶ್ರಯ, ಮತಪ್ರಚಾರ, ಮಾರ್ಗ-ದೇಸಿಗಳ ಸಂಘರ್ಷ ಮುಂತಾಗಿ ಹಲವು ಕಾರಣಗಳನ್ನು ಹೇಳಿಕೊಂಡು ಬಂದಿದ್ದೇವೆ. ಕೆಲವು ಮುದುಕಿಯರಿಗೆ ಅರ್ಥವಾಗಲೆಂದು ಒಂದು ಪಂಥ ತನ್ನ ಶಾಸ್ತ್ರಭಾಷೆಯನ್ನು ಗೊತ್ತುಮಾಡಿಕೊಂಡಿತೆಂಬುದು ಆ ಪಟ್ಟಿಯಲ್ಲಿ ಕಾಣುವುದು ಅಪರೂಪ. ಮರಾಠಿ ವಿದ್ವಾಂಸರು ಇದನ್ನು ಭಾಷಾಭಿಮಾನದ ಮಾತಾಗಿ ಉದ್ಧರಿಸುವುದುಂಟು. ನಮ್ಮ ಅಭಿಪ್ರಾಯದಲ್ಲಿ ಇದು ಮೊದಲು ಶ್ರೋತೃವಿನ ಮಾತು, ಆಮೇಲೆ ಭಾಷೆಯದು. ಕೇಳುವವರಲ್ಲಿ ಹೆಂಗಸರು ಎಣಿಕೆಗೆ ಸಿಗುವಷ್ಟಿದ್ದು, ಅವರನ್ನು ಬಿಟ್ಟರೆ ಪಂಥವೇ ಬಡವಾಗುವಂತಿದ್ದ ಪರಿಸ್ಥಿತಿ ಅದರ ಹಿಂದಿದೆ. ಇದೇ ಹೆಂಗಸರ ಒಡನಾಟ ಪೈಠಣದ ಸಭೆಯಲ್ಲಿ ಚಕ್ರಧರನ ಮೇಲಿನ ಆರೋಪದಲ್ಲಿಯೂ ಸೇರಿತ್ತೆಂಬುದನ್ನು ಮರೆಯಬಾರದು.

ಕನ್ನಡದ ಓದುಗರಿಗೆ ಇಷ್ಟರಲ್ಲಿ ಶರಣೆಯರ ನೆನಪು ಬಂದಿರುತ್ತದೆ. ಲೀಳಾಚರಿತ್ರಕ್ಕಿಂತ ಒಂದು ಶತಮಾನದ ಮೊದಲೇ ಮೂವತ್ತಕ್ಕೂ ಹೆಚ್ಚು ಹೆಂಗಸರು ತಮ್ಮತಮ್ಮ ಅಂಕಿತದಲ್ಲಿ ವಚನಗಳನ್ನು ನುಡಿದಿದ್ದರು. ಅಕ್ಕಮಹಾದೇವಿ, ಮುಕ್ತಾಯಕ್ಕ, ಸತ್ಯಕ್ಕರಂಥವರ ದನಿಗೆ ಸಮನಾದುದು ಮಹಾನುಭಾವ ಗದ್ಯದಲ್ಲಿ ಇಲ್ಲವೆಂಬುದನ್ನು ಸಂಕೋಚವಿಲ್ಲದೆ ಹೇಳಬಹುದು. ಆದರೆ ದಿನದ ಮಾತೆತ್ತಿದಾಗ ಈ ಹೆಮ್ಮೆ ಸ್ವಲ್ಪ ಇಳಿಯುತ್ತದೆ. ಕೊಟ್ಟಣದ ಸೋಮವ್ವೆ ಭತ್ತ ಕುಟ್ಟುವವಳು, ಕದಿರ ರೆಮ್ಮವ್ವೆ ನೂಲುವವಳು ಎಂಬುದು ಹೆಸರಿನಿಂದ ತಿಳಿಯುತ್ತದೆ. ವಚನದಲ್ಲಿ ಒನಕೆಯೂ ಕದಿರೂ ಬಂದರೆ ಬಹುಮಟ್ಟಿಗೆ ರೂಪಕವಾಗಿ ಬರುತ್ತವೆ. ಸೋಮವ್ವೆ ಎಷ್ಟು ಹೊತ್ತಿಗೆ ಎದ್ದಳು, ಯಾರ ಮನೆಯ ಭತ್ತ ಕುಟ್ಟಿದಳು, ಕೂಲಿಗೆ ಏನು ಕೊಟ್ಟರು ಎಂಬುದನ್ನು ಯಾರೂ ಬರೆದಿಡಲಿಲ್ಲ. ಹರಿಹರನ ಮಹಾದೇವಿಯಕ್ಕನ ರಗಳೆಯಲ್ಲಿ ಬಾಳಿನ ಕಥೆಯಿದೆ. ಆದರೆ ಅದು ಅಸಾಮಾನ್ಯದ ಕಥೆ. ಕನ್ನಡಕ್ಕೆ ದನಿ ದೊರೆಯಿತು, ದಿನ ದೊರೆಯಲಿಲ್ಲ. ಮರಾಠಿಗೆ ದಿನ ದೊರೆಯಿತು, ದನಿ ಗಂಡಸಿನ ಲೇಖನಿಯೊಳಗಿಂದ ಮಾತ್ರ ಕೇಳಿತು. ಇದನ್ನು ಯಾರು ಹೆಚ್ಚು ಯಾರು ಕಡಿಮೆಯೆಂಬ ಲೆಕ್ಕಕ್ಕೆ ಬಳಸುವುದು ನಮ್ಮ ಉದ್ದೇಶವಲ್ಲ. ಒಂದರ ಕೊರತೆ ಇನ್ನೊಂದನ್ನು ಓದುವಾಗಲೇ ಕಣ್ಣಿಗೆ ಬೀಳುತ್ತದೆ, ಅಷ್ಟೆ. ಚಕ್ರಧರನು ತನ್ನ ಅನುಯಾಯಿಗಳಿಗೆ ಕನ್ನಡ ದೇಶಕ್ಕೂ ತೆಲುಗು ದೇಶಕ್ಕೂ ಹೋಗಬೇಡಿರೆಂದು ವಿಧಿಸಿದ್ದನೆಂಬುದು ಈ ಸಂದರ್ಭದಲ್ಲಿ ತುಸು ವಿನೋದವಾಗಿ ತೋರುತ್ತದೆ. ಆ ವಿಧಿಯನ್ನು ಎರಡೂ ಭಾಷೆಗಳ ವಿದ್ವಾಂಸರು ಈಗಲೂ ನಿಷ್ಠೆಯಿಂದ ಪಾಲಿಸುತ್ತಿರುವಂತಿದೆ.

‘ಗಂಡಸಿನ ಲೇಖನಿ’ ಎಂದೆವು. ಅದಕ್ಕೊಂದು ತಿದ್ದುಪಡಿ ಬೇಕು. ಲೀಳಾಚರಿತ್ರದ ಮೂಲಪ್ರತಿಯು ದಾಳಿಯ ಕಾಲದಲ್ಲಿ ಕಳೆದುಹೋಗಿ, ಶಿಷ್ಯರು ತಮ್ಮ ನೆನಪಿನಿಂದ ಅದನ್ನು ಮತ್ತೆ ಕಟ್ಟಿದರೆಂದು ಪಂಥದ ನಂಬಿಕೆ. ಹಾಗೆ ಉಳಿದ ಪಾಠಗಳಲ್ಲಿ ಒಂದು ಹಿರಾಇಸಾ ಎಂಬ ಶಿಷ್ಯೆಯ ಹೆಸರಿನಲ್ಲಿದೆ. ಮ್ಹಾಇಂಭಟನು ವಿಚಾರಿಸಿದವರಲ್ಲಿಯೂ ಹೆಂಗಸರಿದ್ದರು. ಹೆಂಗಸರು ಕಂಡು ಹೇಳಿದ್ದನ್ನು ಗಂಡಸು ಬರೆದನು. ಗಂಡಸು ಬರೆದದ್ದು ಕಳೆದಾಗ ಹೆಂಗಸಿನ ನೆನಪೂ ಅದನ್ನು ಉಳಿಸಿತು. ಕರ್ತೃತ್ವವೆಂಬ ಒಂದೇ ಅಳತೆಗೋಲಿನಿಂದ ಇಂಥ ಕೃತಿಯನ್ನು ಅಳೆಯಲಾಗದು. ಹೇಳಿದವಳು ಒಬ್ಬಳು, ಬರೆದವರು ಇನ್ನೊಬ್ಬರು ಎಂಬ ಈ ಏರ್ಪಾಡು 13ನೆಯ ಶತಮಾನಕ್ಕೇ ಮುಗಿದುಹೋದುದಲ್ಲ. ನಾವು ಎತ್ತಿಕೊಂಡ ಎರಡನೆಯ ಕೃತಿಯೂ ಹಾಗೆಯೇ ಹುಟ್ಟಿದೆ.

ನಾಸಿಕದ ಪಂಚವಟಿಯ ಕಾಳಾರಾಮ ಮಂದಿರದ ಪ್ರವೇಶಕ್ಕಾಗಿ ಬಾಬಾಸಾಹೇಬ ಅಂಬೇಡ್ಕರರ ನೇತೃತ್ವದಲ್ಲಿ ಸತ್ಯಾಗ್ರಹ ಆರಂಭವಾದುದು 1930ರ ಮಾರ್ಚ್ 2ರಂದು. ಸ್ಥಳೀಯವಾಗಿ ಅದನ್ನು ನಡೆಸಿದವರಲ್ಲಿ ದಾದಾಸಾಹೇಬ ಗಾಯಕವಾಡರು ಪ್ರಮುಖರು. ಮಂದಿರದ ನಾಲ್ಕು ಬಾಗಿಲುಗಳಲ್ಲಿ ಕುಳಿತ ಮೊದಲ ತಂಡದಲ್ಲಿ 125 ಮಂದಿ ಗಂಡಸರೂ 25 ಮಂದಿ ಹೆಂಗಸರೂ ಇದ್ದರೆಂದು ಚರಿತ್ರೆಗಳು ದಾಖಲಿಸುತ್ತವೆ. ಈ 25 ಎಂಬ ಅಂಕಿ ನಮ್ಮನ್ನು ಬಹಳ ಕಾಡಿದೆ. ಅಂಕಿ ಇದೆ, ಓದುವ ಪುಟದಲ್ಲಿ ಹೆಸರುಗಳಿಲ್ಲ. ಅವರು ಮನೆಯಲ್ಲಿ ಕೂಸುಗಳನ್ನು ಯಾರ ಬಳಿ ಬಿಟ್ಟುಬಂದರು, ಆ ದಿನದ ಕೂಲಿ ಹೋದುದಕ್ಕೆ ರಾತ್ರಿ ಏನು ಉಂಡರು ಎಂಬುದಿಲ್ಲ. ಇಂಥ ಮೌನಕ್ಕೆ ಉತ್ತರವಾಗಿ ಊರ್ಮಿಳಾ ಪವಾರ ಮತ್ತು ಮೀನಾಕ್ಷಿ ಮೂನ ಅವರು ಊರೂರು ತಿರುಗಿ ಅಂಬೇಡ್ಕರ್ ಚಳವಳಿಯ ಹೆಂಗಸರನ್ನು ಮಾತನಾಡಿಸಿ ‘ಆಮ್ಹೀಹೀ ಇತಿಹಾಸ ಘಡವಲಾ’ (1989) ಎಂಬ ಗ್ರಂಥವನ್ನು ಸಿದ್ಧಪಡಿಸಿದರು. ಮ್ಹಾಇಂಭಟನು ಮಾಡಿದ ಕೆಲಸವೇ ಇದು. ಈ ಸಲ ವಿಚಾರಿಸಿದವರು ಹೆಂಗಸರು, ವಿಚಾರಿಸಿದ್ದು ಗುರುವಿನ ಬಗೆಗಲ್ಲ, ಹೇಳುವವಳ ಬಗೆಗೆ.

ಅದರ ಮರುವರ್ಷ ಬಂದುದು ‘ರಾತ್ರಂದಿನ ಆಮ್ಹಾ’. ಶಾಂತಾಬಾಯಿ ದಾಣಿಯವರು ನಾಸಿಕದವರು, ಹುಟ್ಟಿದ್ದು 1919ರ ಜನವರಿಯಲ್ಲಿ. ಕಾಳಾರಾಮ ಸತ್ಯಾಗ್ರಹ ಆರಂಭವಾದಾಗ 11 ವರ್ಷದ ಹುಡುಗಿ. ಪರಿಶಿಷ್ಟ ಜಾತಿಗಳ ಒಕ್ಕೂಟದ ಕಾರ್ಯಕರ್ತೆಯಾಗಿ ಸತ್ಯಾಗ್ರಹಗಳಲ್ಲಿ ಸೆರೆಮನೆ ಕಂಡರು, ನಾಸಿಕದಲ್ಲಿ ಹೆಣ್ಣುಮಕ್ಕಳಿಗೆ ಶಾಲೆಯನ್ನೂ ವಸತಿಗೃಹವನ್ನೂ ಕಟ್ಟಿದರು, 1968ರಿಂದ 1974ರವರೆಗೆ ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು, 2001ರಲ್ಲಿ ತೀರಿಕೊಂಡರು. ತಮ್ಮ ಆತ್ಮಕಥನವನ್ನು ಅವರು ಹೇಳಿದರು, ಭಾವನಾ ಭಾರ್ಗವೆಯವರು ಅದನ್ನು ಶಬ್ದಕ್ಕಿಳಿಸಿದರು. ಶೀರ್ಷಿಕೆಯ ಮಾತು ತುಕಾರಾಮರ ಅಭಂಗದಿಂದ ಬಂದುದು. ಹಗಲಿರುಳೂ ನಮಗೆ ಎಂದು ಅದರ ಅರ್ಥ, ಮುಂದಿನ ಮಾತು ಯುದ್ಧವೆಂಬುದನ್ನು ಮರಾಠಿ ಓದುಗನು ತಾನೇ ತುಂಬಿಕೊಳ್ಳುತ್ತಾನೆ. ತುಕಾರಾಮರಲ್ಲಿ ಆ ಯುದ್ಧ ಮನಸ್ಸಿನೊಡನೆ, ಲೋಕದೊಡನೆ. ಇಲ್ಲಿ ಅದು ಜಾತಿಯೊಡನೆ, ಹಸಿವಿನೊಡನೆ. ‘ಆಮ್ಹಾ’ ಎಂಬ ಬಹುವಚನವೂ ಗಮನಾರ್ಹ. ವಿಮರ್ಶಕರು ಬಳಸುವ ‘ನಾವು’ ಒಂದು ಬರವಣಿಗೆಯ ರೂಢಿ. ಆಕೆಯ ‘ನಾವು’ ಒಂದು ಕೇರಿ.

ಕೃತಿಯ ಮೊದಲ ಭಾಗದಲ್ಲಿ ಬಾಲ್ಯವಿದೆ. ಮನೆಯ ಬಡತನ, ಮಗಳು ಓದಲೇಬೇಕೆಂಬ ತಾಯಿಯ ಹಟ, ಊಟದ ಎಡೆಯಲ್ಲಿಯೇ ಎದುರಾದ ಜಾತಿಯ ಅವಮಾನ: ಇಲ್ಲಿ ದಿನವೂ ದನಿಯೂ ಒಟ್ಟಿಗಿವೆ. ಲೀಳಾಚರಿತ್ರದಲ್ಲಿ ಊಟವೆಂದರೆ ಯಾರು ಬೇಯಿಸಿದರು ಎಂಬ ಸುದ್ದಿ. ಇಲ್ಲಿ ಊಟವೆಂದರೆ ಯಾರನ್ನು ಎಲ್ಲಿ ಕೂರಿಸಿ ಬಡಿಸಿದರು ಎಂಬ ಸುದ್ದಿ. ಒಲೆಯ ಎದುರು ಕೂತ ಹೆಂಗಸರೊಳಗೇ ಜಾತಿಯಿದೆಯೆಂಬುದು ಬಾಇಸಾಳ ಕಥೆಯಿಂದ ತಿಳಿಯುವಂತಿರಲಿಲ್ಲ. ಬಡಿಸಿದ ಕೈಯೂ ಹೆಣ್ಣಿನದು, ದೂರ ಕೂತವಳೂ ಹೆಣ್ಣು. ಹೆಣ್ಣು ಎಂಬ ಒಂದೇ ಹೆಸರಿನಡಿ ಎಲ್ಲರ ಬದುಕನ್ನೂ ಸೇರಿಸಿ ಬದಲಾವಣೆಯ ನಕ್ಷೆ ಬರೆಯುವವರಿಗೆ ಈ ಭಾಗವು ತೊಡಕನ್ನು ಒಡ್ಡುತ್ತದೆ, ಒಡ್ಡಬೇಕು. ಶರ್ಮಿಳಾ ರೇಗೆಯವರು ದಲಿತ ಹೆಂಗಸರ ಆತ್ಮಕಥನಗಳನ್ನು ಕುರಿತ ತಮ್ಮ 2006ರ ಗ್ರಂಥದಲ್ಲಿ ದಾಣಿಯವರ ಕೃತಿಯನ್ನು ಸೇರಿಸಿಕೊಂಡು, ಇವು ವ್ಯಕ್ತಿಯ ಕಥೆಗಳಿಗಿಂತ ಸಮುದಾಯದ ಸಾಕ್ಷ್ಯಗಳೆಂದು ವಾದಿಸಿದ್ದಾರೆ. ಆ ವಾದ ನಮಗೆ ಒಪ್ಪಿಗೆ.

ಒಪ್ಪಿಗೆಯಾದ ಮೇಲೂ ಒಂದು ಅತೃಪ್ತಿ ಉಳಿಯುತ್ತದೆ. ಕಥನವು ಸಾರ್ವಜನಿಕ ಜೀವನಕ್ಕೆ ಬಂದಂತೆ ದನಿ ಗಟ್ಟಿಯಾಗುತ್ತದೆ, ದಿನ ಮಸುಕಾಗುತ್ತದೆ. ಸಭೆ, ಸತ್ಯಾಗ್ರಹ, ಸೆರೆಮನೆ, ಚುನಾವಣೆ, ಪಕ್ಷದ ಒಡಕು ಇವುಗಳ ನಡುವೆ ಮನೆ ಹಿಂದೆ ಸರಿಯುತ್ತದೆ. ಇದನ್ನು ಕೃತಿಯ ದೋಷವೆಂದು ಕೂಡಲೇ ಹೇಳಿಬಿಡುವುದು ಅನ್ಯಾಯ. ಗಂಡಸರಾದ ನಾಯಕರ ಆತ್ಮಕಥೆಗಳಲ್ಲಿ ಅಡುಗೆಮನೆ ಎಲ್ಲಿಯೆಂದು ನಾವು ಕೇಳುವುದಿಲ್ಲ. ಹೆಣ್ಣನ್ನು ಮಾತ್ರ ಕೇಳಿದರೆ ಆಕೆಯನ್ನು ಮತ್ತೆ ಒಲೆಯ ಮುಂದೆ ಕೂರಿಸಿದಂತಾಗುತ್ತದೆ. ನಾಯಕಿಯೊಬ್ಬಳು ತನ್ನನ್ನು ನಾಯಕಿಯೆಂದೇ ನೆನೆಯಲು ಬಯಸುವುದು ಸಹಜ. ಆದರೂ ನಾಸಿಕ ಜಿಲ್ಲೆಯ ಹಳ್ಳಿಗಳಿಂದ ವಸತಿಗೃಹಕ್ಕೆ ಬಂದ ಹುಡುಗಿಯರ ದಿನಚರಿ ಹೇಗೆ ಬದಲಾಯಿತು, ನೀರು ತರುವ ಹೊತ್ತಿನಲ್ಲಿ ಓದಲು ಕೂತ ಹುಡುಗಿಯ ಮನೆಯಲ್ಲಿ ನೀರು ಯಾರು ತಂದರು ಎಂಬುದನ್ನು ಹೇಳಬಲ್ಲವರು ಆಕೆಯೊಬ್ಬರೇ ಆಗಿದ್ದರು. ಬರೆದುಕೊಳ್ಳುವವರು ಆ ಪ್ರಶ್ನೆಯನ್ನು ಬಿಡದೆ ಕೇಳಿದ್ದರೆ ಎಂದು ಓದುಗನಿಗೆ ಅನಿಸುತ್ತದೆ. ಮಹದಾಇಸಾಳ ಪ್ರಶ್ನೆಗಳು ಕಾಣುವಂತೆ ಇಲ್ಲಿ ಭಾರ್ಗವೆಯವರ ಪ್ರಶ್ನೆಗಳು ಕಾಣುವುದಿಲ್ಲ. ಹೇಳಿಸಿ ಬರೆದ ಆತ್ಮಕಥೆಗಳ ಸಾಮಾನ್ಯ ರೂಢಿಯಿದು: ಪ್ರಶ್ನೆಗಳನ್ನು ಅಳಿಸಿ ಉತ್ತರಗಳನ್ನು ಒಂದೇ ಉಸಿರಿನ ಕಥನವಾಗಿ ಹೊಲಿಯುವುದು. ಇದರಿಂದ ಓದು ಸುಗಮವಾಗುತ್ತದೆ. ಯಾವುದನ್ನು ಆಕೆ ತಾನಾಗಿ ಹೇಳಿದಳು, ಯಾವುದನ್ನು ಕೇಳಿದ್ದಕ್ಕೆ ಹೇಳಿದಳು, ಯಾವುದನ್ನು ಕೇಳಿದರೂ ಹೇಳಲಿಲ್ಲ ಎಂಬುದು ಮಾತ್ರ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಇದೇ ಪ್ರಾಂತದ ಸಾತಾರಾ ಕಡೆಯ ಬೇಬಿ ಕಾಂಬಳೆಯವರು ‘ಜಿಣ ಅಮುಚ’ವನ್ನು ತಾವೇ ಬರೆದು, ಮನೆಯವರಿಗೆ ಕಾಣದಂತೆ ವರ್ಷಗಟ್ಟಲೆ ಬಚ್ಚಿಟ್ಟಿದ್ದರು. ಅಲ್ಲಿ ದಿನದ ವಿವರ ದಟ್ಟವಾಗಿರುವುದಕ್ಕೂ ನಡುವೆ ಇನ್ನೊಂದು ಕೈಯಿಲ್ಲದಿರುವುದಕ್ಕೂ ಸಂಬಂಧವಿದೆಯೆಂದು ನಾವು ಭಾವಿಸುತ್ತೇವೆ.

ನಡುವಿನ ಕೈಯ ಪ್ರಶ್ನೆ ಕನ್ನಡಕ್ಕೂ ಹೊಸದಲ್ಲ. ಬಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಬೀಸುವಾಗ, ಕುಟ್ಟುವಾಗ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅದರ ಮಹತ್ತ್ವವನ್ನು ಇಲ್ಲಿ ಹೊಸದಾಗಿ ಹೇಳಬೇಕಾಗಿಲ್ಲ. ನಾವು ಗಮನಿಸುವುದು ಹೆಸರನ್ನು. ಹಾಡಿದ ನೂರಾರು ಹೆಂಗಸರು ಒಬ್ಬ ‘ಗರತಿ’ಯಾದರು; ಆಕೆಗೆ ಊರಿಲ್ಲ, ಜಾತಿಯಿಲ್ಲ, ವಯಸ್ಸಿಲ್ಲ, ಶೀಲ ಮಾತ್ರ ಇದೆ. ಮೂವತ್ತರ ದಶಕದ ಸಂಗ್ರಾಹಕರಿಗೆ ನಾಡನ್ನು ಕಟ್ಟುವ ತುರ್ತಿತ್ತು, ಅದಕ್ಕೆ ಅಂಥ ಹೆಣ್ಣು ಬೇಕಾಗಿದ್ದಳು. ಹಲಸಂಗಿಯಿಂದ ಭೀಮೆಯನ್ನು ದಾಟಿದರೆ ಅದೇ ಕಲ್ಲು, ಅದೇ ಹೊತ್ತು, ಹೆಚ್ಚುಕಡಿಮೆ ಅದೇ ಅಳತೆಯ ಹಾಡು. ಹೆಸರು ಮಾತ್ರ ಓವಿ. ಹೇಮಾ ರಾಯ್‌ರೀಕರ್ ಮತ್ತು ಗೀ ಪ್ವಾತ್ವಾಂ ಅವರು ಪುಣೆಯ ತಮ್ಮ ಸಂಶೋಧನ ಕೇಂದ್ರದಿಂದ ದಶಕಗಳ ಕಾಲ ದುಡಿದು, ಮಹಾರಾಷ್ಟ್ರದ ಸಾವಿರಕ್ಕೂ ಹೆಚ್ಚು ಹಳ್ಳಿಗಳಿಂದ ಒಂದು ಲಕ್ಷಕ್ಕೂ ಮೇಲ್ಪಟ್ಟ ಬೀಸುವ ಓವಿಗಳನ್ನು ಕಲೆಹಾಕಿದರು. ಅಲ್ಲಿ ಹಾಡಿದವಳ ಹೆಸರಿದೆ, ಊರಿದೆ, ಜಾತಿಯಿದೆ. ಸೀತೆಯ ಹಾಡಿನ ಪಕ್ಕದಲ್ಲಿ ಭೀಮರಾಯರ ಹಾಡಿದೆ. ತವರಿನ ಹಾಡಿನ ಪಕ್ಕದಲ್ಲಿ ಗಂಡನ ಹೊಡೆತದ ಹಾಡಿದೆ. ಕಾಲವೂ ಬೇರೆ, ಸಂಗ್ರಾಹಕರ ಶಿಸ್ತೂ ಬೇರೆ, ನಿಜ. ಆದರೆ ಕನ್ನಡದಲ್ಲಿ ನಂತರ ಬಂದ ಎಷ್ಟೋ ಸಂಗ್ರಹಗಳು ಗರತಿಯನ್ನು ಬಿಡಿಸಿ ಮತ್ತೆ ಹೆಂಗಸರನ್ನಾಗಿ ಮಾಡುವ ಕೆಲಸಕ್ಕೆ ಕೈಹಾಕಲಿಲ್ಲವೆಂಬುದು ನಮ್ಮ ದೂರು.

ಈ ಓವಿಗಳನ್ನು 2017ರಿಂದ ‘ಪರಿ’ ಎಂಬ ಗ್ರಾಮೀಣ ದಾಖಲಾತಿ ಸಂಸ್ಥೆಯು ಧ್ವನಿ, ದೃಶ್ಯಗಳೊಡನೆ ಪ್ರಕಟಿಸುತ್ತಿದೆ. ಅಷ್ಟರಲ್ಲಿ ಹಿಟ್ಟಿನ ಗಿರಣಿ ಹಳ್ಳಿಹಳ್ಳಿಗೂ ಬಂದಾಗಿತ್ತು. ನಸುಕಿನಲ್ಲಿ ಇಬ್ಬರು ಹೆಂಗಸರು ಎದುರುಬದುರು ಕೂತು ಜೋಳ ಬೀಸುವ ಎರಡು ತಾಸು ಎಂಬುದೇ ದಿನದಿಂದ ತೆಗೆದುಹೋಗಿತ್ತು. ತೋಳಿನ ನೋವು ಹೋಯಿತು. ಅದಕ್ಕಾಗಿ ಮರುಗುವ ಹೆಂಗಸನ್ನು ನಾವು ಕಂಡಿಲ್ಲ, ಮರುಗುವವರು ಜಾನಪದ ವಿದ್ವಾಂಸರು ಮಾತ್ರ. ಆದರೆ ಅತ್ತೆ, ಗಂಡ ಎಚ್ಚರಗೊಳ್ಳುವ ಮೊದಲು ಮತ್ತೊಬ್ಬ ಹೆಂಗಸಿನೊಡನೆ ಮಾತನ್ನು ಹಾಡಾಗಿ ಆಡಿಕೊಳ್ಳುವ ಹೊತ್ತೂ ಅದರೊಡನೆ ಹೋಯಿತು. ಬೀಸುವ ಕೆಲಸ ಉಳಿಯದ ಮೇಲೆ, ಧ್ವನಿಮುದ್ರಣಕ್ಕೆ ಬಂದವರ ಸಲುವಾಗಿ ಮುದುಕಿಯರು ಮೂಲೆ ಸೇರಿದ್ದ ಕಲ್ಲನ್ನು ಹೊರಗೆಳೆದು, ಅದರ ಮುಂದೆ ಮತ್ತೆ ಕುಳಿತು ಹಾಡುತ್ತಾರೆ. ಕಲ್ಲು ತಿರುಗದೆ ಕೆಲವರಿಗೆ ಸಾಲುಗಳು ನೆನಪಿಗೆ ಬರುವುದಿಲ್ಲ. ಹಿಟ್ಟು ಬೇಕಾಗಿಲ್ಲದಿದ್ದರೂ ಕಲ್ಲಿನ ಬಾಯಿಗೆ ಒಂದು ಹಿಡಿ ಕಾಳು ಸುರಿದುಕೊಂಡು ಗೂಟ ಹಿಡಿಯುತ್ತಾರೆ.